ಡಾಕ್ಟರ ಚೀಲದೊಳಗಿನ ಕೇಪು

ಲಂಡನ್ನಿನ ಕ್ವೀನ್ಸ್‌ಬರಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿದ್ದರೂ ಗೋಪೀನಾಥನನ್ನು ಅಲ್ಲಿನ ಕನ್ನಡದವರು ಹೆಸರು ಹಿಡಿದು ಕರೆದದ್ದು ಕಡಿಮೆ. ‘ಡಾಕ್ಟರ್ ಜಯಾ ಅವರ ಯಜಮಾನರು’ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಜಯಾ ಧಾರವಾಡದವಳು, ಇಲ್ಲಿ ಮನೆಗೆ ಹತ್ತಿರದ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು. ಮೈಸೂರಿನ ಗೋಪೀನಾಥ ಅವಳ ಕೆಲಸದ ಬೆನ್ನು ಹಿಡಿದು ಲಂಡನ್ನಿಗೆ ಬಂದವನು. ಅಲ್ಲಿನ ನಗರಸಭೆಯ, ಅಂದರೆ ಕೌನ್ಸಿಲ್ಲಿನ, ಆಫೀಸಿನಲ್ಲಿ ಕಂಪ್ಯೂಟರುಗಳ ಉಸ್ತುವಾರಿ ಅವನ ಕೆಲಸ. ಯಾರ ಮನೆಯ ಊಟಕ್ಕೆ ಹೋದರೂ ಡಾಕ್ಟರುಗಳೆಲ್ಲ ಒಂದು ಕಡೆ ಸೇರಿ ವಾರ್ಡಿನ ಮಾತು ಶುರುಮಾಡುತ್ತಿದ್ದರು. ಇವನು ಬಂದವರ ಕೋಟುಗಳನ್ನು ಮೇಲಿನ ಕೋಣೆಯ ಮಂಚದ ಮೇಲೆ ಪೇರಿಸಿ, ಕಾರು ಎಲ್ಲಿ ನಿಲ್ಲಿಸಬೇಕೆಂದು ಹೇಳಿ, ಆಮೇಲೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದ. ಅದರಲ್ಲಿ ಅವನಿಗೆ ಕಹಿಯೇನೂ ಇರಲಿಲ್ಲ. ಇರಲಿಲ್ಲವೆಂದೇ ಅವನು ತಿಳಿದಿದ್ದ.

ಅವನದ್ದು ಎನ್ನುವ ಸಂಗತಿಯೊಂದಿದ್ದರೆ ಅದು ರೈಫಲ್. ಮೈಸೂರಿನ ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಗುರಿ ಹೊಡೆಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಮದುವೆ, ನೌಕರಿ, ಮಗಳು ಶರಣ್ಯಾಳ ಶಾಲೆ ಇವುಗಳ ನಡುವೆ ಮರೆತೇಹೋಗಿದ್ದ ಆ ಹುಚ್ಚು, ನಲವತ್ತು ದಾಟಿದ ಮೇಲೆ ಆಫೀಸಿನ ಗೆಳೆಯನೊಬ್ಬ ತನ್ನ ಶೂಟಿಂಗ್ ಕ್ಲಬ್ಬಿಗೆ ಕರೆದೊಯ್ದಾಗ ಮತ್ತೆ ತಲೆಯೆತ್ತಿತು. ಲೈಸೆನ್ಸಿಗೆ ಅರ್ಜಿ ಹಾಕಿದ. ಪೊಲೀಸರು ಮನೆಗೆ ಬಂದು ಉಕ್ಕಿನ ಕಪಾಟನ್ನು ಗೋಡೆಗೆ ಬಿಗಿಯಾಗಿ ಕೂರಿಸಿದೆಯೇ ಎಂದು ಅಲ್ಲಾಡಿಸಿ ನೋಡಿದರು. ಇವನ ಮನಸ್ಸು ಸರಿಯಾಗಿದೆಯೇ ಎಂದು ಇವನನ್ನು ನೋಡುವ ಬಡಾವಣೆಯ ಡಾಕ್ಟರು ಜಿಪಿಯನ್ನೂ ಕೇಳಿದರು.

“ಮನ್ಯಾಗ ಬಂದೂಕು ಇಡೂದಾ?” ಎಂದು ಜಯಾ ಮೊದಲು ಬೆಚ್ಚಿಬಿದ್ದಿದ್ದಳು. ಆಮೇಲೆ ಗಂಡನ ಮುಖ ನೋಡಿ, “ಆತ್ರಿ. ನಿಮಗ ಅಷ್ಟು ಖುಷಿ ಆಗೂದಿದ್ರ ನಾ ಯಾಕ ಬ್ಯಾಡ ಅನ್ಲಿ?” ಎಂದು ಒಪ್ಪಿದ್ದಳು.

ಒಳಗಿಳಿದ ಮೇಲೆ ಅದು ಬೇರೆಯದೇ ಲೋಕ. ಹೊಡೆದು ಮುಗಿದ ತೋಟಾದ ಹಿತ್ತಾಳೆ ಕೊಳವೆಯನ್ನು ಯಾರೂ ಬಿಸಾಡುವುದಿಲ್ಲ. ಮನೆಗೆ ತಂದು, ತೊಳೆದು, ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಮೇಲೆ ಗುಂಡು ಒತ್ತಿ ಮತ್ತೆ ತೋಟಾ ಮಾಡಿಕೊಳ್ಳುತ್ತಾರೆ. ಅಂಗಡಿಯ ತೋಟಾಕ್ಕಿಂತ ಅಗ್ಗ, ಗುರಿಯೂ ನಿಖರ. ಕೇಪು ಎಂದರೆ ಮಸೂರ ಬೇಳೆಯಷ್ಟೇ ಇರುವ ಸಣ್ಣ ಲೋಹದ ಬಟ್ಟಲು. ಬಂದೂಕಿನ ಕುದುರೆ ಎಳೆದು ಮೊಳೆ ಬಡಿದಾಗ ಮೊದಲು ಕಿಡಿ ಕೊಡುವುದು ಅದೇ. ಅದಿಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಇಲ್ಲದಂತೆ.

ಕೋವಿಡ್ ಬಂದು ಹೋಯಿತು, ಅದರ ಹಿಂದೆಯೇ ಯುಕ್ರೇನಿನಲ್ಲಿ ಯುದ್ಧ ಶುರುವಾಯಿತು. ಯುರೋಪಿನ ಕಾರ್ಖಾನೆಗಳು ಸೈನ್ಯಗಳ ಕಡೆಗೆ ಮುಖ ತಿರುಗಿಸಿದವು. ಲಂಡನ್ ಸುತ್ತಲಿನ ಅಂಗಡಿಗಳಲ್ಲಿ ಮೊದಲು ಮದ್ದಿನ ಬೆಲೆ ಏರಿತು, ಆಮೇಲೆ ಕೇಪುಗಳ ಶೆಲ್ಫು ಖಾಲಿಯಾಯಿತು. ನಾಲ್ಕೈದು ಪೌಂಡಿಗೆ ಸಿಗುತ್ತಿದ್ದ ನೂರರ ಡಬ್ಬಿಗೆ ಹತ್ತು ಕೊಡುತ್ತೇನೆಂದರೂ ಅಂಗಡಿಯವನು ತಲೆಯಾಡಿಸುತ್ತಿದ್ದ. ಬಂದರೂ ಒಬ್ಬರಿಗೆ ಒಂದೇ ಡಬ್ಬಿ, ಅದೂ ಹಳೆಯ ಗಿರಾಕಿಯಾದರೆ.

ಗೋಪೀನಾಥನ ಕಾಲ ಕುದುರಿದ್ದು ಈ ಬರಗಾಲದಲ್ಲೇ. ಸಂಜೆ ಹೊತ್ತು ಕೂತು ಅಕ್ಕಪಕ್ಕದ ದೇಶಗಳ ಅಂಗಡಿಗಳ ಬೆಲೆಯನ್ನೆಲ್ಲ ಇಂಟರ್ನೆಟ್ಟಿನಲ್ಲಿ ನೋಡುವುದು ಅವನಿಗೆ ಅಭ್ಯಾಸವಾಯಿತು. ಜರ್ಮನಿಯಲ್ಲಿ ಕೇಪು ಸಿಗುತ್ತದೆ, ಆದರೆ ಅಲ್ಲಿನ ಪರವಾನಗಿ ಇಲ್ಲದವರಿಗೆ ಮಾರುವುದಿಲ್ಲ. ಫ್ರಾನ್ಸಿನಲ್ಲಿ ಮದ್ದು ಇದೆ, ಬೆಲೆ ಮಾತ್ರ ನಮ್ಮದಕ್ಕಿಂತ ಒಂದು ಕೈ ಮೇಲು. ಐರ್ಲೆಂಡಿನಲ್ಲಿ ಮನೆಯಲ್ಲಿ ತೋಟಾ ತುಂಬಿಕೊಳ್ಳಲು ಬಿಡುವುದೇ ಇಲ್ಲವಾದ್ದರಿಂದ ಅಲ್ಲಿ ಹುಡುಕುವುದೇ ದಂಡ. ಬೆಲ್ಜಿಯಮ್ಮಿನಲ್ಲಿ ಈ ತಿಂಗಳು ಪರವಾಗಿಲ್ಲ. ಹೀಗೆ ಎಲ್ಲವೂ ಅವನ ನಾಲಗೆಯ ತುದಿಯಲ್ಲಿತ್ತು. ಕ್ಲಬ್ಬಿನ ಮರದ ಗುಡಿಸಲಿನಲ್ಲಿ ಚಹಾ ಕುಡಿಯುವಾಗ ಯಾರಾದರೂ ಬೆಲೆಯ ಮಾತೆತ್ತಿದರೆ ಸಾಕು, “ಗೋಪಿಯನ್ನು ಕೇಳಿ” ಎನ್ನುತ್ತಿದ್ದರು. ನಿವೃತ್ತ ಮೇಷ್ಟರು, ಬಸ್ ಡ್ರೈವರು, ವಕೀಲರು ಎಲ್ಲ ಅವನ ಕಡೆ ಕುರ್ಚಿ ತಿರುಗಿಸಿ ಕೂರುತ್ತಿದ್ದರು. ಆ ಹೊತ್ತಿನಲ್ಲಿ ಅವನು ಯಾರ ಯಜಮಾನನೂ ಆಗಿರಲಿಲ್ಲ.

ಹಾಗಂತ ಹೊರದೇಶದಿಂದ ತರಬಹುದೇ ಎಂದು ಯಾರಾದರೂ ಕೇಳಿದರೆ, ಕಾನೂನನ್ನು ಬಿಡಿಸಿ ಹೇಳುತ್ತಿದ್ದವನೂ ಅವನೇ. ಮೊದಲೇ ಅನುಮತಿ ಪಡೆಯಬೇಕು, ಹಡಗಿನವರಿಗೆ ಮುಂಚೆಯೇ ತಿಳಿಸಬೇಕು, ಸುಮ್ಮನೆ ಬ್ಯಾಗಿನಲ್ಲಿಟ್ಟುಕೊಂಡು ಬಂದರೆ ಲೈಸೆನ್ಸ್ ಹೋಯಿತೆಂದೇ ಲೆಕ್ಕ. ಈ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೋ.

ಆ ವಸಂತದಲ್ಲಿ ಕ್ಲಬ್ಬಿನ ತಂಡಕ್ಕೆ ದೊಡ್ಡ ಪಂದ್ಯವಿತ್ತು. ತಂಡದಲ್ಲಿ ಯಾರ ಹತ್ತಿರವೂ ಸಾಕಷ್ಟು ಕೇಪಿರಲಿಲ್ಲ. ಈ ಸಲ ಹೆಸರು ವಾಪಸು ತೆಗೆಯೋಣವೇ ಎಂಬ ಮಾತು ಬಂತು. ಅದೇ ಹೊತ್ತಿಗೆ ಕನ್ನಡ ಕೂಟದವರು ಬೆಲ್ಜಿಯಂ, ಹಾಲೆಂಡಿಗೆ ಟ್ಯೂಲಿಪ್ ನೋಡಲು ಬಸ್ಸು ಗೊತ್ತುಮಾಡಿದ್ದರು. ಪ್ರವಾಸದ ಜವಾಬ್ದಾರಿ ಹೊತ್ತವನು ಬೆಂಗಳೂರಿನ ಮುಕುಂದ. ಜಯಾ, ಗೋಪೀನಾಥ ಇಬ್ಬರೂ ಹೊರಟಿದ್ದರು. ಗೆಂಟ್ ಊರಿನಲ್ಲಿ ಗೋಪೀನಾಥನಿಗೆ ಪಂದ್ಯಗಳಲ್ಲಿ ಪರಿಚಯವಾದ ಬೆಲ್ಜಿಯನ್ ಗೆಳೆಯನೊಬ್ಬನಿದ್ದ, ಅವನ ಹತ್ತಿರ ದಾಸ್ತಾನಿತ್ತು.

“ನಾನು ತಂದ್ಕೊಡ್ತೀನಿ ಬಿಡಿ” ಎಂಬ ಮಾತು ಗೋಪೀನಾಥನ ಬಾಯಿಂದ ಇಂಗ್ಲಿಷಿನಲ್ಲಿ ಜಾರಿತು. ಗುಡಿಸಲಿನಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು. ಮೇಷ್ಟರೊಬ್ಬರು ಮಾತ್ರ, “ನೀನೇ ಹೇಳ್ತಿದ್ದೆಯಲ್ಲ, ಹಾಗೆ ತರಬಾರದು ಅಂತ” ಎಂದರು. ಬಸ್ ಡ್ರೈವರು ಅವನ ಬೆನ್ನು ತಟ್ಟಿದ. ತಟ್ಟಿಸಿಕೊಂಡ ಬೆನ್ನನ್ನು ಮತ್ತೆ ಬಗ್ಗಿಸಿ ‘ಇಲ್ಲ, ಆಗುವುದಿಲ್ಲ’ ಎನ್ನುವುದು ಅವನಿಂದಾಗಲಿಲ್ಲ.

ಪ್ರವಾಸ ಚೆನ್ನಾಗಿಯೇ ಆಯಿತು. ಮಕ್ಕಳು ಟ್ಯೂಲಿಪ್ ತೋಟದಲ್ಲಿ ಓಡಿದರು. ಪಕ್ಕದ ಬಡಾವಣೆ ಕೆಂಟನ್ನಿನ ಕೃಷ್ಣವೇಣಮ್ಮನವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಎಲ್ಲರೂ ಸರದಿಯ ಮೇಲೆ ತಳ್ಳಿದರು. ಎಂಬತ್ತರ ಹತ್ತಿರದ ಆ ಅಜ್ಜಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಬೇಕು. ಬಸ್ಸಿನಲ್ಲಿ ಯಾರಿಗೆ ಏನಾದರೂ ಇರಲಿ ಎಂದು ಜಯಾ ತನ್ನ ನೀಲಿ ಡಾಕ್ಟರ್ ಚೀಲ ತಂದಿದ್ದಳು: ಬಿಪಿ ಯಂತ್ರ, ಮಾತ್ರೆ, ಬ್ಯಾಂಡೇಜು, ಅಜ್ಜಿಯ ಇನ್ಸುಲಿನ್. ವಾಪಸು ಬರುವ ದಿನ ಗೆಂಟಿನಲ್ಲಿ ಬಸ್ಸು ನಿಂತಾಗ ಗೋಪೀನಾಥ ಕಾಫಿ ಕುಡಿದು ಬರುವೆನೆಂದು ಹೋಗಿ ಗೆಳೆಯನನ್ನು ಕಂಡ. ಗೆಳೆಯ ಡಬ್ಬಿಗಳನ್ನು ಕೊಡುವಾಗ, “ಪೇಪರುಗಳೆಲ್ಲ ಸರಿ ಇವೆ ತಾನೆ?” ಎಂದು ಕೇಳಿದ. ಗೋಪೀನಾಥ ಹೂಂ ಅಂದ.

ತನ್ನ ಬ್ಯಾಗಿನಲ್ಲಿಟ್ಟುಕೊಳ್ಳಬಹುದಿತ್ತು. ಆದರೆ ಬಸ್ಸಿನ ಹತ್ತಿರ ಬರುತ್ತಿದ್ದಂತೆ ಹೆದರಿಕೆ ಶುರುವಾಯಿತು. ಎಲ್ಲರೂ ಚಾಕಲೇಟು ಕೊಳ್ಳಲು ಇಳಿದಿದ್ದರು. ಸೀಟಿನ ಮೇಲೆ ನೀಲಿ ಚೀಲವಿತ್ತು. ಡಾಕ್ಟರ ಚೀಲವನ್ನು ಯಾರು ಬಿಚ್ಚಿ ನೋಡುತ್ತಾರೆ ಎಂದುಕೊಂಡ. ಬಿಪಿ ಯಂತ್ರದ ಕೆಳಗೆ ಡಬ್ಬಿಗಳನ್ನು ತುರುಕಿ, ಮೇಲೆ ಬ್ಯಾಂಡೇಜು ಹರಡಿ ಜಿಪ್ ಎಳೆದ. ಮನೆ ಮುಟ್ಟಿದ ಮೇಲೆ ಅವಳಿಗೆ ತಿಳಿಯದಂತೆ ತೆಗೆದರಾಯಿತು.

ಇಂಗ್ಲೆಂಡಿನ ಬಂದರು ಡೋವರಿನಲ್ಲಿ ಹಡಗು ಇಳಿದ ಬಸ್ಸನ್ನು ಕಸ್ಟಮ್ಸಿನವರು ಪಕ್ಕದ ಶೆಡ್ಡಿಗೆ ತಿರುಗಿಸಿದರು. ಎಲ್ಲರೂ ಇಳಿಯಿರಿ, ಸಾಮಾನೆಲ್ಲ ಯಂತ್ರಕ್ಕೆ ಹಾಕಿ ಎಂದರು. ಮುಕುಂದ ನಗುನಗುತ್ತ, “ಬನ್ನಿ ಬನ್ನಿ, ಚಾಕಲೇಟ್ ಬಿಟ್ರೆ ನಮ್ ಹತ್ರ ಏನಿದೆ?” ಎಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಚೀಲಗಳು ಒಂದೊಂದಾಗಿ ಒಳಹೋಗಿ ಹೊರಬಂದವು. ನೀಲಿ ಚೀಲ ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಯಂತ್ರದ ಮುಂದೆ ಕೂತ ಹೆಂಗಸು ಪಕ್ಕದವನನ್ನು ಕರೆದು ಪರದೆ ತೋರಿಸಿದಳು.

“ಇದು ಯಾರದು?” ಅಧಿಕಾರಿ ಕೇಳಿದ.

“ನಂದು” ಎಂದು ಜಯಾ ಕೈಯೆತ್ತಿ ಮುಂದೆ ಬಂದಳು. “ನಾನು ಡಾಕ್ಟರ್. ಒಳಗೆ ಸೂಜಿ, ಇನ್ಸುಲಿನ್ ಇವೆ, ನಿಧಾನ ತೆಗೀರಿ.”

ಅಧಿಕಾರಿ ಕೈಗವಸು ಹಾಕಿಕೊಂಡು ಬ್ಯಾಂಡೇಜನ್ನು ಸರಿಸಿದ, ಬಿಪಿ ಯಂತ್ರ ಎತ್ತಿದ, ಡಬ್ಬಿಗಳನ್ನು ಮೇಜಿನ ಮೇಲಿಟ್ಟ. ಒಂದನ್ನು ತೆರೆದಾಗ ಸಾಲುಸಾಲಾಗಿ ಕೂತಿದ್ದ ಕೇಪುಗಳು ದೀಪಕ್ಕೆ ಹೊಳೆದವು.

“ಇದೇನು ಅಂತ ನಿಮಗೆ ಗೊತ್ತಾ, ಮೇಡಂ?”

ಜಯಾ ಬಗ್ಗಿ ನೋಡಿದಳು. ಗೋಪೀನಾಥನ ಗ್ಯಾರೇಜಿನಲ್ಲಿ ಅಂಥ ಡಬ್ಬಿಗಳನ್ನು ಅವಳು ನೋಡಿದ್ದಳು. ಮುಖದ ಮೇಲಿನ ನಗು ಹೋಯಿತು. ತಿರುಗಿ ಸಾಲಿನಲ್ಲಿ ಗಂಡನನ್ನು ಹುಡುಕಿದಳು.

ಗೋಪೀನಾಥ ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದ.

ಲೇಸು ಬಿಚ್ಚಿರಲಿಲ್ಲ. ತಾನೇ ಎಳೆದು ಬಿಚ್ಚಿ, ತಾನೇ ಕಟ್ಟುತ್ತಿದ್ದ. ಎದ್ದು ನಿಂತು ‘ನನ್ನದು’ ಎಂದರೆ ಮುಗಿಯಿತು ಎಂದು ತಲೆ ಹೇಳುತ್ತಿತ್ತು, ಆದರೂ ಏಳಲಿಲ್ಲ. ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿದ್ದ ಕೃಷ್ಣವೇಣಮ್ಮ ತಗ್ಗಿದ ದನಿಯಲ್ಲಿ, “ಗೋಪೀನಾಥ, ಹೋಗಪ್ಪ, ಅವಳನ್ನ ಕರೀತಾ ಇದಾರೆ” ಎಂದರು. ಕೇಳಿಸದವನಂತೆ ಅವನು ಇನ್ನೊಂದು ಬೂಟಿಗೆ ಕೈ ಹಾಕಿದ. ಅವರು ಮತ್ತೊಮ್ಮೆ ಕರೆದರು. ಅಷ್ಟರಲ್ಲಿ ಇಬ್ಬರು ಅಧಿಕಾರಿಗಳು ಜಯಾಳನ್ನು ನಡುವೆ ಕರೆದುಕೊಂಡು ಒಳಗಿನ ಕೋಣೆಗೆ ಹೋದರು. ಬಾಗಿಲು ಮುಚ್ಚಿತು.

ಸಾಲಿನಲ್ಲಿ ಗುಸುಗುಸು ಎದ್ದಿತು. ಯಾರೋ “ಡಾಕ್ಟ್ರ ಚೀಲದಲ್ಲಿ ಮದ್ದುಗುಂಡಂತೆ” ಎಂದರು. ಮಗುವೊಂದು ಅಳತೊಡಗಿತು. ಮುಕುಂದ ನೇರ ಗೋಪೀನಾಥನ ಎದುರಿಗೆ ಬಂದು ನಿಂತ.

“ಗೋಪಿ ಸರ್, ಇದು ನಿಮ್ದು ತಾನೆ?”

ಗೋಪೀನಾಥ ಎದ್ದು ಮುಚ್ಚಿದ ಬಾಗಿಲಿನ ಕಡೆ ನೋಡಿದ.

“ರೀ, ಹೆಂಡತೀನ ಒಳಗೆ ಕರ್ಕೊಂಡು ಹೋದ್ರಲ್ರೀ! ನಿಂತ್ಕೊಂಡು ನೋಡ್ತಾ ಇದ್ದೀರಲ್ಲ!”

ಆಗ ಅವನು ನಡೆದ. ಬಾಗಿಲು ತಟ್ಟಿ, ತೆರೆದವನಿಗೆ, ಅವು ತನ್ನವು, ತಾನೇ ಇಟ್ಟದ್ದು, ಹೆಂಡತಿಗೆ ಏನೂ ತಿಳಿಯದು ಎಂದ. ಒಳಗೆ ಜಯಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಮೇಜಿನ ಆಚೆಗಿದ್ದ ಹಿರಿಯ ಅಧಿಕಾರಿ ಗೋಪೀನಾಥನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ: “ನಿಮ್ಮ ಹೆಂಡತಿ ಯಾರ ಹೆಸರನ್ನೂ ಹೇಳಲಿಲ್ಲ. ‘ಸ್ವಲ್ಪ ಕಾಯಿರಿ, ಅವರೇ ಬಂದು ಹೇಳ್ತಾರೆ’ ಅಂದರು. ನಾವು ಕಾಯ್ತಾ ಇದ್ದೆವು.”

ಅವಳು ಬೈದಿದ್ದರೆ, ಕೈಬೆರಳು ಚಾಚಿ ತೋರಿಸಿದ್ದರೆ ತಡೆದುಕೊಳ್ಳಬಹುದಿತ್ತು. ಆ ಕೋಣೆಯಲ್ಲಿ ಎಲ್ಲಿ ನೋಡಬೇಕೆಂದೇ ಗೋಪೀನಾಥನಿಗೆ ತಿಳಿಯಲಿಲ್ಲ.

ಜಯಾಳ ವಿಚಾರಣೆ ಮುಗಿಯುವವರೆಗೆ ಬಸ್ಸನ್ನು ತಡೆದರು. ಚೀಲವನ್ನು ಮೊದಲು ಹಾಗೆಯೇ ಎತ್ತಿಟ್ಟುಕೊಂಡದ್ದರಿಂದ ಅಜ್ಜಿಯ ಇನ್ಸುಲಿನ್ ಬಿಡಿಸಿಕೊಳ್ಳಲು ಜಯಾ ಪುನಃ ಪುನಃ ಕೇಳಬೇಕಾಯಿತು. ಕೊನೆಗೆ ಅವಳನ್ನು ಬಿಟ್ಟರು, ಇವನನ್ನು ಕೂರಿಸಿಕೊಂಡರು.

“ಜಯಾ...” ಎಂದ ಗೋಪೀನಾಥ.

ಅವಳು ತಿರುಗಿ ನೋಡಲಿಲ್ಲ. “ಬಸ್ಸಿನ್ಯಾಗ ಅಜ್ಜಿ ಇನ್ನೂ ಊಟ ಮಾಡಿಲ್ಲ. ನಾ ಹೋಗ್ತೇನಿ” ಎಂದು ಹೊರಟುಹೋದಳು.

ಕೇಪುಗಳನ್ನು ವಶಪಡಿಸಿಕೊಂಡು, ಹೇಳಿಕೆ ಬರೆಸಿಕೊಂಡು, ಲಂಡನ್ ಪೊಲೀಸರಿಗೆ ತಿಳಿಸುವುದಾಗಿ ಹೇಳಿ ಅವನನ್ನು ಬಿಡುವ ಹೊತ್ತಿಗೆ ಬಸ್ಸು ಹೋಗಿತ್ತು. ಡೋವರಿನಿಂದ ರೈಲು ಹತ್ತಿ ಸ್ಟ್ರಾಟ್‌ಫರ್ಡಿನಲ್ಲಿ ಇಳಿದ. ಅಲ್ಲಿಂದ ಕ್ವೀನ್ಸ್‌ಬರಿಗೆ ನೆಲದಡಿಯ ಟ್ಯೂಬು ರೈಲು ನೇರ ಹೋಗುತ್ತದೆ. ಆದರೆ ಅವನು ಟ್ಯೂಬಿನ ಕಡೆ ಹೋಗದೆ ಶಾಪಿಂಗ್ ಸೆಂಟರಿನೊಳಗೆ ನಡೆದು, ಒಂದು ಬೆಂಚಿನ ಮೇಲೆ ಕೂತುಬಿಟ್ಟ. ಜನ ಚೀಲ ತುಂಬಿಕೊಂಡು ಎದುರಿಗೆ ಹಾಯುತ್ತಿದ್ದರು. ಕೂಟದ ವಾಟ್ಸಾಪ್ ಗುಂಪಿನಲ್ಲಿ ಟ್ಯೂಲಿಪ್ ಫೋಟೋಗಳು ಬರುತ್ತಿದ್ದವು, ಅವುಗಳ ನಡುವೆ ಯಾರೂ ಅವನ ಹೆಸರೆತ್ತಿರಲಿಲ್ಲ. ಆ ಮೌನವನ್ನು ಅವನು ಮೇಲೆ ಕೆಳಗೆ ಸರಿಸಿ ನೋಡುತ್ತ ಕೂತ.

ಶರಣ್ಯಾಳ ಫೋನು ಬಂತು. ಇಪ್ಪತ್ತೆರಡರ ಹುಡುಗಿ, ಕನ್ನಡ ತಿಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು. “ಡ್ಯಾಡ್, ವೇರ್ ಆರ್ ಯೂ?”

“ಬರ್ತೀನಿ ಪುಟ್ಟಿ. ಅಮ್ಮ ಏನಂದಳು?”

“ನಥಿಂಗ್. ದಟ್ಸ್ ವಾಟ್ಸ್ ಸ್ಕೇರಿ” ಎಂದಳು. ಆಮೇಲೆ, “ಡಿಡ್ ಯೂ ರಿಯಲೀ ಲೆಟ್ ದೆಮ್ ಟೇಕ್ ಹರ್?” ಎಂದಳು.

ಮಗಳಿಗೆ ಯಾರೋ ಹೇಳಿಯಾಗಿತ್ತು. “ಮನೆಗೆ ಬರ್ತೀನಿ” ಎಂದಷ್ಟೇ ಹೇಳಿ ಫೋನಿಟ್ಟು, ಎದ್ದು ಟ್ಯೂಬಿನ ಕಡೆ ನಡೆದ.

ಮುಂದಿನ ವಾರ ಪೊಲೀಸರು ಬಂದು ಉಕ್ಕಿನ ಕಪಾಟು ತೆಗೆಸಿ ರೈಫಲನ್ನೂ ಇದ್ದಬದ್ದ ತೋಟಾಗಳನ್ನೂ ಒಯ್ದರು. ಎದುರುಮನೆಯ ಗುಜರಾತಿ ಮುದುಕ ಗಿಡಕ್ಕೆ ನೀರು ಹಾಕುವುದನ್ನು ಬಿಟ್ಟು ನಿಂತು ನೋಡಿದ. ಲೈಸೆನ್ಸ್ ರದ್ದಾಯಿತು; ಎಚ್ಚರಿಕೆ ಕೊಟ್ಟು ಕೋರ್ಟಿನವರೆಗೆ ಒಯ್ಯದೆ ಬಿಟ್ಟರು. ಕ್ಲಬ್ಬಿನ ಕಾರ್ಯದರ್ಶಿ ಫೋನು ಮಾಡಿ, ಇನ್ನು ಬರುವುದು ಬೇಡವೆಂದು ಸೌಜನ್ಯದಿಂದಲೇ ಹೇಳಿದರು. ತಂಡ ಪಂದ್ಯದಿಂದ ಹಿಂದೆ ಸರಿದಿತ್ತು. ಬೆನ್ನು ತಟ್ಟಿದ ಬಸ್ ಡ್ರೈವರು ಫೋನನ್ನೇ ಎತ್ತಲಿಲ್ಲ. ಜಯಾ ಮಾತ್ರ ತನ್ನ ಆಸ್ಪತ್ರೆಯ ಹಿರಿಯರ ಮುಂದೆ ಹೋಗಿ, ತನ್ನ ಚೀಲದಲ್ಲಿ ಇಂಥದ್ದು ಸಿಕ್ಕಿತ್ತು, ಇಂತಿಂಥದು ನಡೆಯಿತು ಎಂದು ತಾನಾಗಿ ಹೇಳಬೇಕಾಯಿತು. ಅವಳ ಮೇಲೆ ಏನೂ ಬರಲಿಲ್ಲ. ಆದರೆ ಮಕ್ಕಳ ಡಾಕ್ಟರೊಬ್ಬಳು ಆ ಕಥೆಯನ್ನು ಅಪರಿಚಿತರ ಮುಂದೆ ಬಾಯಿಬಿಟ್ಟು ಹೇಳುವಂತಾಯಿತಲ್ಲ ಎಂಬುದು ಗೋಪೀನಾಥನನ್ನು ಒಳಗೊಳಗೇ ಕೊರೆಯಿತು.

ಮನೆಯಲ್ಲಿ ಅಡುಗೆಯ ಮಾತು, ಕಸದ ಬಿನ್ ಹೊರಗಿಡುವ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅವನು ಪಾತ್ರೆ ಒರೆಸುತ್ತಿದ್ದಾಗ ಜಯಾ ಮೇಜಿನ ಹತ್ತಿರ ಕೂತು ಕೇಳಿದಳು.

“ಕೇಪು ಯಾಕ ತಂದ್ರಿ ಅಂತ ನಾ ಕೇಳಂಗಿಲ್ಲ. ನನ್ನ ಚೀಲದಾಗ ಯಾಕ ಇಟ್ರಿ ಅಂತನೂ ಕೇಳಂಗಿಲ್ಲ. ಲೇಸ್ ಯಾಕ ಕಟ್ಟಿದ್ರಿ? ಅದೊಂದು ಹೇಳ್ರಿ.”

ಹೆದರಿದೆ ಎಂದರೆ ಸಾಕಿತ್ತು. ಹೆದರಿಕೆಯನ್ನು ಅವಳು ಕ್ಷಮಿಸುತ್ತಾಳೆಂದೂ ಅವನಿಗೆ ಗೊತ್ತಿತ್ತು. ಆದರೆ ಅಷ್ಟೇ ಅಲ್ಲವೆಂಬುದೂ ಗೊತ್ತಿತ್ತು. ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟ.

“ಹೆದರಿದ್ದೆ. ಆದರೆ... ನೀನು ಡಾಕ್ಟರು. ನಿನ್ನ ಮಾತು ನಂಬ್ತಾರೆ, ಏನೋ ಹೇಳಿ ನೀನು ಬಿಡಿಸ್ಕೊಂಡು ಬರ್ತೀಯ ಅನ್ನಿಸ್ತು. ನಾನು ಹೋದ್ರೆ ನನ್ನ ಮಾತು ಯಾರು ಕೇಳ್ತಾರೆ ಅಂತ ಅನ್ನಿಸ್ತು.”

“ಅಂದ್ರ, ನಾ ಸಿಕ್ಕೊಂಡ್ರ ನಡೀತದ ಅಂತ.”

“ಹೂಂ. ಆ ಹೊತ್ತಿಗೆ ಹಾಗನ್ನಿಸ್ತು.”

ಜಯಾ ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. “ಇಷ್ಟು ವರ್ಷ ಪಾರ್ಟಿಯೊಳಗ ಕೋಟು ಎತ್ತಿಡಾವ್ರು ನೀವು. ಅದು ನಿಮಗ ಅಷ್ಟು ಚುಚ್ಚಿತ್ತೇನು? ನನಗ ಒಂದ್ ಮಾತು ಹೇಳಬಾರದಿತ್ತಾ?” ಎಂದಳು. ಅವಳ ಕಣ್ಣು ತುಂಬಿದ್ದನ್ನು ಗೋಪೀನಾಥ ಆ ಇಡೀ ಪ್ರಕರಣದಲ್ಲಿ ನೋಡಿದ್ದು ಅದೇ ಮೊದಲು. ಚುಚ್ಚಿತ್ತು ಎಂದು ಒಪ್ಪಿಕೊಳ್ಳಲೂ ಅವನಿಗೆ ನಾಚಿಕೆಯಾಯಿತು. ತನ್ನ ಸಣ್ಣತನ ತನಗೇ ಅಷ್ಟು ದಿನ ಕಾಣದೆ ಇದ್ದದ್ದು ಹೇಗೆ ಎಂದುಕೊಂಡ.

ಅದೇ ಮಧ್ಯಾಹ್ನ ಅವನು ನಡೆದುಕೊಂಡೇ ಕೆಂಟನ್ನಿಗೆ ಹೋಗಿ ಕೃಷ್ಣವೇಣಮ್ಮನವರ ಬಾಗಿಲು ತಟ್ಟಿದ. ಅಜ್ಜಿ ಮಗನ ಮನೆಯ ಕೆಳಗಿನ ಕೋಣೆಯಲ್ಲಿದ್ದರು.

“ಕ್ಷಮಿಸಿ ಅಮ್ಮ. ಅವತ್ತು ನಿಮಗೆ ಊಟ ಇಲ್ಲ, ಔಷಧಿ ಇಲ್ಲ. ನನ್ನಿಂದ ಎಲ್ಲರಿಗೂ...”

“ಔಷಧಿ ಬಂತಲ್ಲಪ್ಪ, ಜಯಾ ಬಿಡಲಿಲ್ಲ. ನಂಗೆ ಅದೇನಲ್ಲ.” ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ನಾನು ನಿನ್ನ ಎರಡು ಸಲ ಕರೆದೆ. ಅಲ್ಲಿ ಗಲಾಟೆ, ನಿಂಗೆ ಕೇಳಿಸ್ಲಿಲ್ಲವೇನೋ ಅಂತ ಮನೇಲಿ ಎಲ್ಲರಿಗೂ ಹೇಳಿದೀನಿ.”

ಅವರು ತೆರೆದಿಟ್ಟ ಆ ಬಾಗಿಲಿನಿಂದ ಹೊರಗೆ ನುಸುಳುವುದು ಬಹಳ ಸುಲಭವಿತ್ತು.

“ಕೇಳಿಸ್ತು ಅಮ್ಮ. ಎರಡು ಸಲಾನೂ ಕೇಳಿಸ್ತು.”

ಕೃಷ್ಣವೇಣಮ್ಮ ಕನ್ನಡಕ ಹಾಕಿಕೊಂಡು ಅವನನ್ನು ನೋಡಿದರು. “ಹೌದಾ” ಎಂದರು. ಸೊಸೆಯನ್ನು ಕೂಗಿ ಕಾಫಿ ತರಿಸಿದರು. ಅವನು ಕುಡಿದು ಮುಗಿಸುವವರೆಗೂ ಎದುರಿಗೇ ಕೂತಿದ್ದರು.

ಮನೆಗೆ ಬಂದು ನಡೆದದ್ದನ್ನು ಜಯಾಳಿಗೆ ಹೇಳಿದ. ಅವಳು ಫ್ರೀಜರಿನಿಂದ ಜೋಳದ ರೊಟ್ಟಿ ತೆಗೆದು ಬಿಸಿ ಮಾಡುತ್ತಿದ್ದಳು.

“ಕೇಳಿಸ್ತು ಅಂತ ಅವ್ರ ಮುಂದ ಹೇಳಿದ್ರೇನು?”

“ಹೇಳಿದೆ.”

“ಮುಕುಂದ ಅವ್ರಿಗೂ ಹೇಳ್ಬೇಕು. ಬಸ್ಸಿನ್ಯಾಗ ಇದ್ದವ್ರಿಗೆಲ್ಲ.”

“ಹೇಳ್ತೀನಿ. ಬರೋ ತಿಂಗಳ ಊಟಕ್ಕೆ ಸೇರ್ತಾರಲ್ಲ, ಅಲ್ಲೇ ಹೇಳ್ತೀನಿ.”

“ನಾ ನಿಮ್ಮ ಬಾಜೂಕ ನಿಂದರಂಗಿಲ್ಲ” ಎಂದಳು ಜಯಾ. “ಅಷ್ಟು ನನ್ನ ಕಡಿಂದ ಆಗಂಗಿಲ್ಲ ಇನ್ನೂ.”

“ಬೇಡ” ಎಂದ ಗೋಪೀನಾಥ.

ಅವಳು ಎರಡು ತಟ್ಟೆ ತೆಗೆದು, ಪಲ್ಯ ಬಡಿಸಿ, ಒಂದನ್ನು ಅವನ ಕಡೆ ಸರಿಸಿದಳು. ಹೊರಗೆ ಮಳೆ ಹನಿಯತೊಡಗಿತ್ತು. ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳು ನೆನಪಾಗಿ, ಅವನ್ನು ಒಳಗೆ ತರಲು ಅವನು ತಟ್ಟೆ ಬಿಟ್ಟು ಎದ್ದ.